ಮೈಗೆಲಸ, ಬೊಜ್ಜು ಮತ್ತು ಮಧುಮೇಹ

ಮೈಗೆಲಸ ತಗ್ಗಿದುದರಿಂದ ಬೊಜ್ಜು ಬಂದಿತು, ಬೊಜ್ಜಿನಿಂದ ಮಧುಮೇಹ ಬಂದಿತು ಎಂಬ ಸರಣಿಯು ಕೇಳುವುದಕ್ಕೆ ಬಹು ಸರಳವಾಗಿದೆ. ಹೊಲಗದ್ದೆಗಳನ್ನು ಬಿಟ್ಟು ದೂರದ ನಗರದ ಕಚೇರಿಯ ಕುರ್ಚಿಯನ್ನು ಸೇರಿದವರಿಗೆ ಇದು ತಮ್ಮದೇ ಚರಿತ್ರೆಯಂತೆ ತೋರುವುದೂ ಸಹಜ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರರು 2021ರಲ್ಲಿ ಪ್ರಕಟಿಸಿದ ‘ಬರ್ನ್’ ಎಂಬ ಗ್ರಂಥವು ಈ ಸರಣಿಯ ಮೊದಲ ಕೊಂಡಿಯನ್ನೇ ಪ್ರಶ್ನಿಸುತ್ತದೆ. ಅದರ ಬಲಾಬಲಗಳನ್ನು ವಿವೇಚಿಸುವುದು ಉಚಿತವಾಗಿದೆ.

ಟಾಂಜಾನಿಯಾದ ಹಾಡ್ಜಾ ಜನರು ಬೇಟೆಯಿಂದಲೂ ಗೆಡ್ಡೆಗೆಣಸು, ಜೇನುಗಳಿಂದಲೂ ಜೀವಿಸತಕ್ಕವರು. ಅವರಲ್ಲಿ ಗಂಡಸರು ದಿನಕ್ಕೆ ಸುಮಾರು 11 ಕಿಲೋಮೀಟರು, ಹೆಂಗಸರು ಸುಮಾರು 6 ಕಿಲೋಮೀಟರು ನಡೆಯುತ್ತಾರೆ. ಜಲಜನಕ, ಆಮ್ಲಜನಕಗಳ ಭಾರವಾದ ಪರಮಾಣುಗಳುಳ್ಳ ನೀರನ್ನು ಅವರಿಗೆ ಕುಡಿಸಿ, ಮುಂದಿನ ದಿನಗಳಲ್ಲಿ ಮೂತ್ರವನ್ನು ಪರೀಕ್ಷಿಸಿ, ದೇಹವು ವ್ಯಯಿಸಿದ ಶಕ್ತಿಯನ್ನು ಪಾಂಟ್ಜರರೂ ಸಂಗಡಿಗರೂ ಅಳೆದರು. 2012ರಲ್ಲಿ ಪ್ರಕಟವಾದ ಫಲಿತಾಂಶವು ಅನೇಕರನ್ನು ಬೆರಗುಗೊಳಿಸಿತು: ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಈ ವ್ಯಯವು ಪಾಶ್ಚಾತ್ಯರ ವ್ಯಯಕ್ಕಿಂತ ಹೆಚ್ಚಾಗಿರಲಿಲ್ಲ. ಶ್ರಮ ಹೆಚ್ಚಿದಾಗ ದೇಹವು ಒಳಗಿನ ಇತರ ಖರ್ಚುಗಳನ್ನು ಬಿಗಿಹಿಡಿಯುತ್ತದೆಂಬುದು ಗ್ರಂಥಕರ್ತರ ಸಿದ್ಧಾಂತ. ಆದಕಾರಣ ಬೊಜ್ಜಿನ ಮೂಲವನ್ನು ಆಹಾರದಲ್ಲಿ ಅರಸಬೇಕೆಂದು ಅವರು ವಾದಿಸುತ್ತಾರೆ. ಕೆವಿನ್ ಹಾಲರು 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಪೋಷಕವಾಗಿದೆ. ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನು ಬಡಿಸಿದಾಗ ಅದರಲ್ಲಿ ಭಾಗವಹಿಸಿದ 20 ಜನರು ದಿನಕ್ಕೆ ಸರಾಸರಿ 500 ಕಿಲೋಕ್ಯಾಲೊರಿಯಷ್ಟು ಹೆಚ್ಚಾಗಿ ತಿಂದರು.

ಆದರೆ ವ್ಯಯವನ್ನು ಅಳೆದ ಮಾತ್ರಕ್ಕೆ ಶ್ರಮದ ಪ್ರಭಾವವನ್ನೆಲ್ಲ ಅಳೆದಂತಾಗದು. ಹಸಿವಿನ ಹದವೂ ಶ್ರಮವನ್ನು ಅವಲಂಬಿಸಿರಬಹುದು. ಝಾನ್ ಮೇಯರರೂ ಅವರ ಭಾರತೀಯ ಸಹೋದ್ಯೋಗಿಗಳೂ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ 213 ಗಂಡಸರನ್ನು ಪರಿಶೀಲಿಸಿ 1956ರಲ್ಲಿ ಬರೆದ ಪ್ರಬಂಧವು ಇದನ್ನು ಸೂಚಿಸುತ್ತದೆ. ದುಡಿಯುವವರಲ್ಲಿ ಊಟವು ದುಡಿಮೆಗೆ ತಕ್ಕಂತಿತ್ತು. ಅಂಗಡಿಕಾರರೇ ಮೊದಲಾದ ಕುಳಿತು ಕಾಲ ಕಳೆಯುವವರಾದರೋ ಹಗುರವಾದ ಕೆಲಸದವರಿಗಿಂತ ಹೆಚ್ಚು ತಿಂದು ಹೆಚ್ಚು ತೂಗುತ್ತಿದ್ದರು. ಆದರೂ ಈ ಹೋಲಿಕೆಯಿಂದ ಕಾರಣವು ಸಿದ್ಧವಾಗುವುದಿಲ್ಲ. ಸ್ಥೂಲಕಾಯರೇ ಕುಳಿತು ಮಾಡುವ ವೃತ್ತಿಯನ್ನು ಹಿಡಿದಿರಬಹುದು. ಅದೇ ವರ್ಷ ಲಂಡನ್ನಿನ ಬಸ್ಸು ನೌಕರರ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿದ ಜೆರಿ ಮಾರಿಸರ ತಂಡಕ್ಕೆ, ಚಾಲಕರ ಸೊಂಟವು ಕಂಡಕ್ಟರರ ಸೊಂಟಕ್ಕಿಂತ ಎಳೆಯ ವಯಸ್ಸಿನಲ್ಲಿಯೇ ದೊಡ್ಡದಾಗಿದ್ದುದು ಕಂಡುಬಂದಿತು.

ಬೊಜ್ಜಿನ ವಿಷಯದಲ್ಲಿ ಪಾಂಟ್ಜರರ ಪಕ್ಷವೇ ಬಲವಾದುದೆಂದು ಒಪ್ಪಬೇಕು. ಆದರೆ ಅದನ್ನು ಹಾಗೆಯೇ ಮಧುಮೇಹಕ್ಕೂ ಅನ್ವಯಿಸುವ ಓದುಗನು ಎಡವುತ್ತಾನೆ. ಸ್ನಾಯುವು ಕೆಲಸ ಮಾಡುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಈ ಉಪಕಾರಕ್ಕೆ ಮೈತೂಕ ಇಳಿಯಲೇಬೇಕೆಂಬ ನಿಯಮವಿಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಕುರಿತು ಚೀನದ ದಾಚಿಂಗ್ ನಗರದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ವರ್ಷಗಳೊಳಗೆ ರೋಗ ತಗಲಿದವರು ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 67.7, ವ್ಯಾಯಾಮವನ್ನು ಮಾತ್ರ ವಿಧಿಸಿದ ಗುಂಪಿನಲ್ಲಿ 41.1. ಕೃಶಕಾಯರಿಗೂ ಸ್ಥೂಲಕಾಯರಿಗೂ ಈ ಚಿಕಿತ್ಸೆಯ ಲಾಭ ಸಮಾನವಾಗಿತ್ತು. ಚೆನ್ನೈಯಲ್ಲಿ ಎ. ರಾಮಚಂದ್ರನ್ನರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಪಥ್ಯ, ನಡಿಗೆಗಳಿಂದ ರೋಗಸಂಭವವು ನೂರಕ್ಕೆ 28.5ರಷ್ಟು ತಗ್ಗಿತು, ತೂಕವಾದರೋ ಗಮನಾರ್ಹವಾಗಿ ಇಳಿಯಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ಮಧುಮೇಹಿಗಳನ್ನು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ಇಷ್ಟು ಜನರನ್ನು ಮುಟ್ಟುವ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಒಂದಾಗಿ ಬೆರೆಸುವುದು ಅಪಾಯಕರ. ಬೊಜ್ಜಿಗೆ ಸೋಮಾರಿತನವೇ ಕಾರಣವೆಂದು ತೀರ್ಪು ಕೊಟ್ಟರೆ ರೋಗಿಯ ತಲೆಯ ಮೇಲೆ ಅಪವಾದ ಕೂರುತ್ತದೆ, ಆಹಾರದ ವ್ಯಾಪಾರವು ವಿಚಾರಣೆಯಿಂದ ಪಾರಾಗುತ್ತದೆ. ಶ್ರಮವು ನಿಷ್ಫಲವೆಂದರೆ, ತಿಂಗಳುಗಟ್ಟಲೆ ನಡೆದೂ ತೂಕ ಇಳಿಯದವನು ನಿರಾಶನಾಗಿ ನಡಿಗೆಯನ್ನೇ ಬಿಡುತ್ತಾನೆ. ತಕ್ಕಡಿಯ ಮುಳ್ಳು ಕದಲದಿದ್ದ ಆ ದಿನಗಳಲ್ಲಿಯೂ ಅವನ ರಕ್ತಕ್ಕೆ ಉಪಕಾರವಾಗುತ್ತಲೇ ಇತ್ತೆಂಬ ಮಾತನ್ನು ಅವನಿಗೆ ತಿಳಿಸಬೇಕಾದುದು ಅವಶ್ಯ.