ಮರ್ಸಿಡಿಸ್‌ನ ರಬ್ಬರು

ಹಳೇ ಮರ್ಸಿಡಿಸ್ ‘ರಿಸ್ಟೋರ್’ ಮಾಡಿಸಿದ್ದೀನಿ ಅಂತ ಯಾರಾದರೂ ಹೇಳಿದರೆ ಫೋಟೋ ನೋಡಿ ಲೈಕ್ ಒತ್ತಬೇಡಿ. ಮಳೆಗಾಲ ಮುಗಿದ ಮೇಲೆ ಕಾರನ್ನ ಸಕಲೇಶಪುರಕ್ಕೆ ತಗೊಂಡು ಬಾ ಅನ್ನಿ. ಹಾಸನದಿಂದ ಆಲೂರು, ಪಾಳ್ಯ ದಾಟುವವರೆಗೆ ಹೆದ್ದಾರಿ, ಅಲ್ಲಿ ಯಾವ ಕಾರಾದರೂ ಮರ್ಯಾದೆ ಉಳಿಸಿಕೊಳ್ಳುತ್ತೆ. ಹೆತ್ತೂರು, ವಣಗೂರು ಹಾದು ಬಿಸಿಲೆ ಕಡೆ ಹೊರಟಾಗ ಹೊಸ ಪೇಂಟು ಬಾಯಿ ಮುಚ್ಚುತ್ತೆ, ಹಳೇ ಬುಷ್‌ಗಳು ಮಾತಾಡೋಕೆ ಶುರು ಮಾಡ್ತವೆ.

ನಾನು ಹೇಳ್ತಿರೋದು ಡಬ್ಲ್ಯೂ124 ಬಗ್ಗೆ. ಜರ್ಮನಿಯಲ್ಲಿ 1984ರಲ್ಲಿ ಬಂದ ಈ ಮಾಡೆಲ್, ಉದಾರೀಕರಣದ ಹೊಸತರಲ್ಲಿ, 1995ರಿಂದ ಪುಣೆಯಲ್ಲೇ ಜೋಡಣೆಯಾಗಿ ನಮ್ಮ ರಸ್ತೆಗಳಿಗೆ ಇಳಿಯಿತು. ಆಗಿನ ಸಾಹುಕಾರರ ಮನೆ ಮುಂದೆ ನಿಂತಿದ್ದ ಕಾರುಗಳು ಈಗ ಮೂವತ್ತರ ಆಸುಪಾಸಿನ ಐಟಿ ಹುಡುಗರ ಕೈಗೆ ಬರ್ತಿವೆ. ಸಂತೋಷ. ಆದರೆ ಕೊಂಡವರು ಏನನ್ನ ಕೊಂಡಿದ್ದಾರೆ ಅಂತ ಅವರಿಗೇ ಗೊತ್ತಿದ್ದಂತಿಲ್ಲ.

ಈ ಕಾರಿನ ನಿಜವಾದ ಬಂಡವಾಳ ಇರೋದು ಹಿಂದಿನ ಚಕ್ರಗಳ ಹತ್ತಿರ. ಒಂದೊಂದು ಚಕ್ರವನ್ನೂ ಐದು ಬಿಡಿ ಬಿಡಿ ತೋಳುಗಳು ಹಿಡಿದಿರ್ತವೆ. 1982ರ 190 ಮಾಡೆಲ್‌ನಲ್ಲಿ ಮೊದಲು ಬಂದ ವಿನ್ಯಾಸ ಇದು. ಚಕ್ರ ಗುಂಡಿಗೆ ಬಿದ್ದು ಎದ್ದರೂ ಅದರ ಮುಖ ಅತ್ತಿತ್ತ ತಿರುಗಬಾರದು ಅನ್ನೋದು ಲೆಕ್ಕಾಚಾರ. ತೋಳುಗಳ ತುದಿಗಳಲ್ಲಿ ರಬ್ಬರ್ ಬುಷ್. ಅವನ್ನೆಲ್ಲ ಹೊತ್ತ ಸಬ್‌ಫ್ರೇಮ್ ಬಾಡಿಗೆ ಕೂರೋದೂ ದಪ್ಪ ರಬ್ಬರ್ ಮೌಂಟ್‌ಗಳ ಮೇಲೆ. ಅಂದರೆ ರಸ್ತೆಯ ಹೊಡೆತ ನಿಮ್ಮ ಸೊಂಟಕ್ಕೆ ಬರೋದರೊಳಗೆ ಎರಡು ಸುತ್ತು ರಬ್ಬರ್ ದಾಟಿ ಬರಬೇಕು. ರಬ್ಬರಿಗೆ ಕಿಲೋಮೀಟರ್ ಎಣಿಸೋಕೆ ಬರಲ್ಲ, ವರ್ಷ ಎಣಿಸೋಕೆ ಬರುತ್ತೆ. ಶೆಡ್ಡಲ್ಲಿ ನಿಂತಿದ್ದರೂ ಗಟ್ಟಿಯಾಗುತ್ತೆ, ಬಿರಿಯುತ್ತೆ. ‘ಬರೀ ನಲವತ್ತು ಸಾವಿರ ಓಡಿದೆ ಸಾರ್’ ಅನ್ನೋ ಮಾತಿಗೆ ಅಷ್ಟೇ ಬೆಲೆ.

ಈಗಿನ ಫ್ಯಾಶನ್ ಇದಕ್ಕೆ ತದ್ವಿರುದ್ಧ. ಪರಿಚಯದವರೊಬ್ಬರ ಕಾರಿನಲ್ಲಿ ಕೂತಿದ್ದೆ. ಮುತ್ತಿನ ಬಿಳುಪು, ಹೊಸ ಲೆದರ್, ಹದಿನೆಂಟು ಇಂಚಿನ ಅಲಾಯ್, ಕೆಳಗಿಳಿಸಿದ ಸ್ಪ್ರಿಂಗ್. ಹಿಂದಿನ ಸೀಟಲ್ಲಿ ಅವರ ತಾಯಿ ಮೇಲಿನ ಹಿಡಿ ಬಿಡದೆ, ‘ನಿಧಾನ ಕಣೋ, ಬೆನ್ನು ಹಿಡ್ಕೊಳ್ತು’ ಅಂತ ದಾರಿ ಉದ್ದಕ್ಕೂ ಹೇಳ್ತಾನೇ ಇದ್ದರು. ಹಿಂದೆ ಕೂತವರಿಗಾಗಿಯೇ ಹೆಸರು ಮಾಡಿದ ಕಾರು ಮಾರಾಯ್ರೆ ಇದು! ಲೆಕ್ಕ ಸುಲಭ. ಮೂಲ 195/65 ಆರ್15 ಟಯರಿನ ಪಕ್ಕದ ಗೋಡೆ ಹನ್ನೆರಡೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ಹದಿನೆಂಟರ ರಿಮ್ಮಿಗೆ 225/40 ಹಾಕಿದರೆ ಉಳಿಯೋದು ಒಂಬತ್ತು. ಗುಂಡಿಯ ಮೊದಲ ಪೆಟ್ಟು ತಿನ್ನಬೇಕಿದ್ದ ಮೂರೂವರೆ ಸೆಂಟಿಮೀಟರನ್ನ ದುಡ್ಡು ಕೊಟ್ಟು ಕಿತ್ತು ಹಾಕಿಸಿದ್ದಾರೆ.

ಪಾಲಿಯುರೆಥೇನ್ ಬುಷ್ ಹಾಕಿಸಿ, ಜನ್ಮಪೂರ್ತಿ ಬರುತ್ತೆ ಅಂತ ಸಲಹೆ ಕೊಡೋರಿದ್ದಾರೆ. ಬರಬಹುದು. ಆದರೆ ಐದು ತೋಳಿನ ಸಸ್ಪೆನ್ಷನ್‌ನಲ್ಲಿ ಬುಷ್ ಒಂದೇ ದಿಕ್ಕಿಗೆ ತಿರುಚಿಕೊಳ್ಳಲ್ಲ, ಓರೆಯಾಗಿಯೂ ಬಾಗಬೇಕು. ಗಡುಸು ಪ್ಲಾಸ್ಟಿಕ್ ಅದಕ್ಕೆ ಒಗ್ಗಲ್ಲ, ಕಿರುಗುಟ್ಟುತ್ತೆ, ರಸ್ತೆಯ ಸದ್ದನ್ನೆಲ್ಲ ಒಳಗೆ ತರುತ್ತೆ.

ಒಳ್ಳೇ ಕೆಲಸ ಫೋಟೋದಲ್ಲಿ ಕಾಣಲ್ಲ. ಮೊದಲು ಟಯರ್: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಥ್ರೆಡ್ ಚೆನ್ನಾಗಿದ್ದರೂ ಹತ್ತು ವರ್ಷದ ಟಯರ್ ಹಾಕ್ಕೊಂಡು ಘಾಟಿಗೆ ಇಳಿಯೋದು ಹುಚ್ಚು. ಆಮೇಲೆ ತೋಳುಗಳು, ಸಬ್‌ಫ್ರೇಮ್ ಮೌಂಟು, ಶಾಕ್ ಅಬ್ಸಾರ್ಬರ್. ಇಲ್ಲೊಂದು ಸೂಕ್ಷ್ಮ ಇದೆ, ಅವಸರದ ಗ್ಯಾರೇಜುಗಳು ಎಡವೋದೇ ಇಲ್ಲಿ. ಕಾರನ್ನ ಲಿಫ್ಟಿನ ಮೇಲೆ ಏರಿಸಿ, ಚಕ್ರ ನೇತಾಡ್ತಿರೋವಾಗಲೇ ಬೋಲ್ಟ್ ಬಿಗಿ ಮಾಡಿದರೆ ಬುಷ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತೆ. ಕೆಳಗಿಳಿಸಿದ ಕೂಡಲೇ ತಿರುಚಿಕೊಂಡು ನಿಲ್ಲುತ್ತೆ, ಬೇಗ ಹರಿಯುತ್ತೆ. ಕಾರಿನ ಭಾರ ಚಕ್ರದ ಮೇಲೆ ಇರುವಾಗಲೇ ಕೊನೆಯ ಬಿಗಿ ಆಗಬೇಕು. ಮೆಕ್ಯಾನಿಕ್ ಹತ್ತಿರ ಇದೊಂದೇ ಪ್ರಶ್ನೆ ಕೇಳಿ. ಉತ್ತರದಲ್ಲೇ ಅವನ ಜಾತಕ ಸಿಗುತ್ತೆ.

ಸ್ಟಿಯರಿಂಗ್ ವಿಷಯದಲ್ಲಿ ಕಾರಿನದೂ ತಪ್ಪಿದೆ ಅನ್ನಿ. ಅದು ಹಳೇ ಕಾಲದ ಬಾಕ್ಸು, ಹೊಸದಿದ್ದಾಗಲೂ ನಡುವಲ್ಲಿ ಸ್ವಲ್ಪ ಮಂಕೇ. ಶಿರಾಡಿಯ ತಿರುವಲ್ಲಿ ಈಗಿನ ಸಣ್ಣ ಹ್ಯಾಚ್‌ಬ್ಯಾಕಿನ ಚುರುಕು ಇದರಿಂದ ಬರಲ್ಲ, ಬಾಡಿ ವಾಲುತ್ತೆ. ಆ ಆಟವನ್ನ ಕಡಿಮೆ ಮಾಡ್ತೀನಿ ಅಂತ ಬಾಕ್ಸಿನ ಸ್ಕ್ರೂ ತಿರುವಿದರೆ ನೇರದಲ್ಲಿ ಬಿಗಿ ಅನ್ನಿಸಿ, ತಿರುವಲ್ಲಿ ಹಿಡ್ಕೊಂಡು ವಾಪಸ್ ಬರೋದೇ ಇಲ್ಲ. ಮೊದಲು ಐಡ್ಲರ್ ಆರ್ಮ್ ಬುಷ್, ಲಿಂಕುಗಳ ಬಾಲ್ ಜಾಯಿಂಟ್ ನೋಡಿಸಿ. ಸ್ಕ್ರೂ ಕಡೆಗೆ ಸ್ಪ್ಯಾನರ್ ಹೋಗೋದು ಎಲ್ಲಕ್ಕಿಂತ ಕೊನೆಗೆ. ಇದೆಲ್ಲ ಮುಗಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್, ಮತ್ತೆ ಅದರ ಪ್ರಿಂಟೌಟ್ ಕೇಳಿ ಇಸ್ಕೊಳ್ಳಿ.