ಕಮಾನುಪಟ್ಟಿಯ ಕೌಶಲ
ಕಾಳೀ ನದಿಯ ಉತ್ತರ ದಡದ ಚಿತ್ತಾಕುಲದಲ್ಲಿ, ಗೋವೆಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಮೀನು ಹೊತ್ತು ಧಾವಿಸುವ ಲಾರಿಗಳನ್ನು ಕಂಡಾಗಲೆಲ್ಲ, ನನ್ನ ದೃಷ್ಟಿ ಅವುಗಳ ವರ್ಣಾಲಂಕಾರವನ್ನು ಬಿಟ್ಟು, ಅಡಿಯಲ್ಲಿ ಅಜ್ಞಾತವಾಗಿ ಭಾರ ವಹಿಸುವ ಕಮಾನುಪಟ್ಟಿಗಳ ಮೇಲೆ ನಿಲ್ಲುತ್ತದೆ. ಉದ್ದನೆಯ ಮೂಲಪಟ್ಟಿಯ ಕೆಳಗೆ ಕ್ರಮೇಣ ಗಿಡ್ಡವಾಗುವ ಉಕ್ಕಿನ ಪಟ್ಟಿಗಳನ್ನು ಜೋಡಿಸಿ, ಯು-ಬೋಲ್ಟುಗಳಿಂದ ಅಚ್ಚಿಗೆ ಬಿಗಿದ ಈ ರಚನೆಯಲ್ಲಿ, ಪಟ್ಟಿಗಳ ಪರಸ್ಪರ ಘರ್ಷಣವೇ ಕುಲುಕಾಟವನ್ನು ಶಮನಗೊಳಿಸುವುದು ಎಂಥ ಮಿತವ್ಯಯದ ಜಾಣ್ಮೆ! ಭಾರ ಬಿದ್ದು ಕಮಾನು ಚಪ್ಪಟೆಯಾದಾಗ ಹೆಚ್ಚುವ ಉದ್ದಕ್ಕೆ ಎಡೆಗೊಡಲೆಂದೇ ಒಂದು ತುದಿಯಲ್ಲಿ ಶ್ಯಾಕಲ್ ಎಂಬ ತೂಗಾಡುವ ಕೊಂಡಿ ಇದೆ. ಕಡಲಿನ ಲವಣವಾಯುವೂ ಮೀನಿನ ಉಪ್ಪುನೀರೂ ಕೊರೆದ ಗುಳಿಯಿಂದ ಬಿರುಕು ಹುಟ್ಟಬಹುದಾದ್ದರಿಂದ, ಬಲ್ಲ ಮೇಸ್ತ್ರಿ ಪಟ್ಟಿಗಳನ್ನು ಬಿಡಿಸಿ, ಉಜ್ಜಿ, ಗ್ರೀಸು ಸವರಿ, ಸವೆದ ಬುಶ್ಶನ್ನು ಬದಲಿಸುತ್ತಾನೆ. ಹೆಚ್ಚು ಹೊರೆಯ ಆಸೆಗೆ ಪಟ್ಟಿ ಸೇರಿಸುವವರೂ ಉಂಟು. ಅದನ್ನು ಮಾತ್ರ ನಾನು ಮೆಚ್ಚಲಾರೆ, ಏಕೆಂದರೆ ಬ್ರೇಕು, ಟೈರು, ಅಚ್ಚುಗಳ ಸಾಮರ್ಥ್ಯ ಮೊದಲಿನಷ್ಟೇ ಉಳಿದಿರುತ್ತದೆ.