ನಿಷ್ಕಾಮಪ್ರೇಮದ ಎರಡು ಗ್ರಂಥಗಳು

ದೇವರನ್ನು ಪ್ರೀತಿಸುವವನು ತನಗಾಗಿ ಏನನ್ನಾದರೂ ಬಯಸಬಹುದೇ? ಸದ್ಗತಿಯ ಆಸೆಯಿಂದ ಮಾಡಿದ ಭಕ್ತಿಯು ಭಕ್ತಿಯೋ ವ್ಯಾಪಾರವೋ? ಈ ಪ್ರಶ್ನೆಯು ಕ್ರೈಸ್ತ ಸಾಧಕರಲ್ಲಿ ಒಂದು ದೊಡ್ಡ ಸಾಹಿತ್ಯವನ್ನೇ ಬೆಳೆಯಿಸಿದೆ. ಅದರಲ್ಲಿ ಎರಡು ಗ್ರಂಥಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಉಚಿತ. ಒಂದು, ಕ್ಲೇರ್ವೋ ಮಠದ ಅಧಿಪತಿಯಾಗಿದ್ದ ಸಂತ ಬರ್ನಾರ್ಡನು (1090–1153) ದೇವರ ಪ್ರೀತಿಯನ್ನು ಕುರಿತು ಲ್ಯಾಟಿನಿನಲ್ಲಿ ಬರೆದ ಪ್ರಬಂಧ. ಇನ್ನೊಂದು, ಕಾಂಬ್ರೇ ನಗರದ ಆರ್ಚ್‌ಬಿಷಪ್ಪನಾಗಿದ್ದ ಫೆನೆಲೋನನು (1651–1715) 1697ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ‘ಸಂತರ ಸೂತ್ರಗಳ ವಿವರಣೆ’.

ಬರ್ನಾರ್ಡನು ಪ್ರೀತಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತಾನೆ. ಮನುಷ್ಯನು ಮೊದಲು ತನ್ನನ್ನು ತನಗಾಗಿಯೇ ಪ್ರೀತಿಸುತ್ತಾನೆ. ಕಷ್ಟಗಳು ಬಂದು, ತಾನೊಬ್ಬನೇ ನಿಲ್ಲಲಾರೆನೆಂದು ತಿಳಿದಾಗ ದೇವರನ್ನು ತನ್ನ ಪ್ರಯೋಜನಕ್ಕಾಗಿ ಪ್ರೀತಿಸುತ್ತಾನೆ. ಹೀಗೆ ಮತ್ತೆ ಮತ್ತೆ ಮೊರೆಹೋಗುತ್ತಿರಲು ದೇವರ ಮಾಧುರ್ಯವು ರುಚಿಗೆ ಹತ್ತಿ, ದೇವರನ್ನು ದೇವರಿಗಾಗಿಯೇ ಪ್ರೀತಿಸತೊಡಗುತ್ತಾನೆ. ಇಲ್ಲಿಗೆ ಮೆಟ್ಟಿಲುಗಳು ಮುಗಿದುವೆಂದು ಓದುವವನು ಎಣಿಸುವಷ್ಟರಲ್ಲಿ ನಾಲ್ಕನೆಯದು ಬರುತ್ತದೆ: ಅಲ್ಲಿ ಮನುಷ್ಯನು ತನ್ನನ್ನೂ ದೇವರಿಗಾಗಿಯೇ ಪ್ರೀತಿಸುತ್ತಾನೆ. ಮರೆತುಹೋಗಿದ್ದ ‘ತಾನು’ ಶುದ್ಧವಾಗಿ ಹಿಂದಿರುಗುತ್ತದೆ. ದ್ರಾಕ್ಷಾರಸದಲ್ಲಿ ಬೆರೆತ ನೀರಿನ ಹನಿ, ಬೆಂಕಿಯಲ್ಲಿ ಕೆಂಪಾದ ಕಬ್ಬಿಣ, ಬಿಸಿಲು ತುಂಬಿದ ಗಾಳಿ ಎಂಬ ಉಪಮಾನಗಳಿಂದ ಅವನು ಈ ಸ್ಥಿತಿಯನ್ನು ತೋರಿಸುತ್ತಾನೆ. ರೂಪವು ಬೇರೆಯಾದರೂ ವಸ್ತುವು ಉಳಿಯುವುದೆಂಬುದು ಅವನ ಮತ. ಈ ಸ್ಥಿತಿಯು ಈ ಲೋಕದಲ್ಲಿ ದೊರೆತರೆ ಒಂದು ಕ್ಷಣ ಮಾತ್ರ. ದೇಹವು ಪುನರುತ್ಥಾನಗೊಂಡ ಮೇಲೆಯೇ ಅದು ಪೂರ್ಣವಾಗುತ್ತದೆ. ಮೊದಲನೆಯ ಮೆಟ್ಟಿಲಿನ ದೇಹವೇ ಕೊನೆಯದರಲ್ಲಿಯೂ ಬೇಕಾಗುತ್ತದೆಂಬ ಈ ಮಾತಿನಲ್ಲಿ ಗ್ರಂಥದ ಔದಾರ್ಯವೆಲ್ಲ ಅಡಗಿದೆ.

ಫೆನೆಲೋನನು ಪ್ರೀತಿಯನ್ನು ಐದಾಗಿ ವಿಂಗಡಿಸಿ, ದಂಡನೆಯ ಭಯವಾಗಲಿ ಫಲದ ಆಸೆಯಾಗಲಿ ಇಲ್ಲದ ಶುದ್ಧಪ್ರೇಮವನ್ನು ತುದಿಯಲ್ಲಿಟ್ಟನು. ದೇವರು ತನ್ನನ್ನು ನರಕಕ್ಕೆ ತಳ್ಳಿದರೂ ಅಂಥ ಪ್ರೇಮವು ಕುಂದದೆಂಬ ಹಳೆಯ ಸಂತರ ಊಹೆಯನ್ನು ಅವನು ಎತ್ತಿಹಿಡಿದನು. ಮೋ ನಗರದ ಬಿಷಪ್ಪನಾದ ಬೋಸ್ಯುವೆಯು ಇದನ್ನು ಬಲವಾಗಿ ವಿರೋಧಿಸಿದನು. ಸುಖದ ಬಯಕೆಯು ಮನುಷ್ಯನ ಇಚ್ಛೆಯಲ್ಲಿಯೇ ಹೆಣೆದುಕೊಂಡಿದೆ, ನಿರೀಕ್ಷೆಯು ಕ್ರೈಸ್ತನಿಗೆ ವಿಹಿತವಾದ ಗುಣ, ಅದನ್ನು ಕಿತ್ತೊಗೆಯುವುದು ಸಾಧ್ಯವೂ ಅಲ್ಲ ಸಾಧುವೂ ಅಲ್ಲ ಎಂಬುದು ಅವನ ವಾದ. 1699ರ ಮಾರ್ಚ್ 12ರಂದು ಹನ್ನೆರಡನೆಯ ಇನ್ನೊಸೆಂಟ್ ಪೋಪನು ಫೆನೆಲೋನನ ಗ್ರಂಥದ 23 ವಾಕ್ಯಗಳನ್ನು ಖಂಡಿಸಿದನು, ಫೆನೆಲೋನನು ತಲೆಬಾಗಿದನು. ವಿವಾದವು ಅಡಗಿತು, ಪ್ರಶ್ನೆಯು ಅಡಗಲಿಲ್ಲ.

ಫೆನೆಲೋನನ ಗ್ರಂಥದ ದೋಷವು ಅದರ ಆದರ್ಶಕ್ಕಿಂತ ಹೆಚ್ಚಾಗಿ ಅದರ ರಚನೆಯಲ್ಲಿದೆ. ಅವನ 45 ಪ್ರಕರಣಗಳಲ್ಲಿ ಒಂದೊಂದೂ ‘ಸತ್ಯ’, ‘ಮಿಥ್ಯ’ ಎಂದು ಎರಡಾಗಿ ಸೀಳಿದೆ. ಓದುವವನು ತನ್ನ ಹೃದಯವನ್ನು ಈ ಒರೆಗಲ್ಲಿಗೆ ಹಚ್ಚದೆ ಇರಲಾರ. ತನ್ನ ಪ್ರೀತಿಯು ಅಪ್ಪಟವೇ ಎಂದು ನೋಡಿಕೊಳ್ಳುವವನ ಕಣ್ಣು ಪ್ರಿಯವಸ್ತುವನ್ನು ಬಿಟ್ಟು ತನ್ನ ಮೇಲೆಯೇ ನೆಡುತ್ತದೆ. ಹೊರದೂಡಿದ ಸ್ವಾರ್ಥವು ಪರೀಕ್ಷಕನ ವೇಷದಲ್ಲಿ ಹಿತ್ತಿಲ ಬಾಗಿಲಿನಿಂದ ಒಳಬರುತ್ತದೆ. ಬರ್ನಾರ್ಡನ ಗ್ರಂಥವಾದರೋ ಪರೀಕ್ಷೆಯಲ್ಲ, ಪ್ರಯಾಣ. ಆರ್ತನಾಗಿ ಬಂದವನನ್ನೂ ಅದು ಹಿಂದಕ್ಕೆ ಕಳುಹಿಸುವುದಿಲ್ಲ.

ಆದರೆ ಬರ್ನಾರ್ಡನಲ್ಲಿಯೂ ಒಂದು ಕೊರತೆಯುಂಟು. ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರಿಸುವುದು ರುಚಿ ಎಂದ ಮೇಲೆ, ವರ್ಷಗಟ್ಟಲೆ ಪ್ರಾರ್ಥಿಸಿಯೂ ಯಾವ ರುಚಿಯನ್ನೂ ಕಾಣದವನ ಗತಿಯೇನು? ಅವನಿಗೆ ಧೈರ್ಯ ಹೇಳುವವನು ಫೆನೆಲೋನನೇ. ಮಾಧುರ್ಯವು ಬತ್ತಿದರೂ ಪ್ರೀತಿಯು ಬತ್ತಬೇಕಾಗಿಲ್ಲವೆಂಬ ಅವನ ಉಪದೇಶವನ್ನು ಪೋಪನ ಖಂಡನೆಯೊಡನೆ ಎಸೆದುಬಿಡುವುದು ನ್ಯಾಯವಲ್ಲ.

ಗುಲಾಮನು ಭಯದಿಂದಲೂ ಕೂಲಿಯವನು ಆಸೆಯಿಂದಲೂ ಮಗನು ಪ್ರೀತಿಯಿಂದಲೂ ಸೇವೆಮಾಡುವರೆಂದು ಬರ್ನಾರ್ಡನು ಭೇದವನ್ನು ಹೇಳಿದ್ದಾನೆ. ಈ ಭೇದವನ್ನು ಇನ್ನೂ ಒಂದು ಹೆಜ್ಜೆ ಮುಂದುವರಿಸಬಹುದು. ಮಗನಿಗೂ ತಂದೆಯ ಆಸ್ತಿಯು ಬರುತ್ತದೆ. ಆದರೆ ಅದನ್ನು ಕೂಲಿಯೆಂದು ಯಾರೂ ಕರೆಯುವುದಿಲ್ಲ.